ಒಳಗಿನ ಕೋಟು

ಆರು ಜನ ಸೇರಿ ಮೂರನೇ ಮಹಡಿಯಿಂದ ಶವದ ಪೆಟ್ಟಿಗೆ ಇಳಿಸುತ್ತಿದ್ದರು. ತಿರುವಿನಲ್ಲಿ ಅದು ಗೋಡೆಗೆ ತಗುಲಿ ಸುಣ್ಣ ಉದುರಿತು.

"ನಿಧಾನ, ನಿಧಾನ," ಎಂದಳು ಹೆಂಡತಿ, ಒಳಗಿದ್ದವನಿಗೆ ಪೆಟ್ಟಾದೀತೇನೋ ಎಂಬಂತೆ.

ಅವನು ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದವನು. ದಿನವಿಡೀ "ಉಸಿರು ಹಿಡ್ಕೊಳ್ಳಿ" ಎನ್ನುತ್ತಿದ್ದುದಕ್ಕೆ ನರ್ಸುಗಳು ಉಸಿರಪ್ಪ ಎಂದು ಹೆಸರಿಟ್ಟಿದ್ದರು. ರಕ್ತದ ಕ್ಯಾನ್ಸರ್ ಎಂದು ತಿಳಿದ ನಾಲ್ಕೇ ತಿಂಗಳಿಗೆ ಹೋಗಿಬಿಟ್ಟ. ಕಿರಣಗಳಿಂದಲೇ ಬಂತೆಂದು ಖಚಿತವಾಗಿ ಹೇಳಲಾಗದು ಎಂದಿದ್ದರು ಡಾಕ್ಟರು.

ಗಾಡಿಯಲ್ಲಿ ಪೆಟ್ಟಿಗೆಯ ಪಕ್ಕ ಹೆಂಡತಿ ಕೂತಳು. ಎದುರಿಗೆ ಅವನ ಹಳೆಯ ಜೊತೆಗಾರ ಮತ್ತು ಅದೇ ವಿಭಾಗದ ಟೆಕ್ನಿಷಿಯನ್, ಎರಡು ಮಕ್ಕಳ ತಾಯಿ. ಸ್ಮಶಾನಕ್ಕೆ ಮುಂಚೆ ಆಸ್ಪತ್ರೆಯ ಮುಂದೆ ಹತ್ತು ನಿಮಿಷ ನಿಲ್ಲಿಸುವುದೆಂದಾಗಿತ್ತು.

* * *

ಹದಿನೈದು ವರ್ಷದ ಹಿಂದೆ ಹೆಂಡತಿ ಪತ್ರಿಕೆಯಲ್ಲಿ ಓದಿದ್ದಳು: ಸೊಪ್ಪು, ಬೆಳ್ಳುಳ್ಳಿ, ಕಪ್ಪು ದ್ರಾಕ್ಷಿಯಲ್ಲಿರುವ ಅಂಶಗಳು ಕಿರಣಗಳ ಹಾನಿಯನ್ನು ತಡೆಯಬಹುದು, ಇಲಿಗಳ ಮೇಲೆ ಪ್ರಯೋಗ ನಡೆದಿದೆ. ಮರುದಿನದಿಂದಲೇ ಅವನ ಊಟದ ಡಬ್ಬಿ ಹಸಿರಾಯಿತು.

"ಅಂದ್ರೆ ನಾನೀಗ ನಿನ್ನ ಇಲಿ," ಎಂದು ನಕ್ಕ.

"ಬಾಯ್ಮುಚ್ಕೊಂಡು ತಿನ್ನಿ. ನನಗೆ ನೀವು ಬೇಕು."

ಒಂದು ದಿನವೂ ಅವನು ಡಬ್ಬಿಯಲ್ಲಿ ಒಂದೆಲೆ ಉಳಿಸಿ ತರಲಿಲ್ಲ.

* * *

"ಅತ್ತಿಗೆ, ನಿಮ್ಮ ಡಬ್ಬಿ ಅಂದ್ರೆ ಅವನಿಗೆ ಪ್ರಾಣ," ಎಂದ ಜೊತೆಗಾರ. "ಪುಟ್ಟ ಮಕ್ಕಳ ಎಕ್ಸ್‌ರೇ ಇದ್ರೆ, ಮಗು ಅಲ್ಲಾಡ್ದೇ ಇರ್ಲಿ ಅಂತ ತಾನೇ ಹಿಡ್ಕೊಂಡು ನಿಲ್ತಿದ್ದ. ಕಿರಣ ತಡೆಯೋ ಕೋಟು ಹಾಕ್ಕೊಳ್ಳೋ ಅಂದ್ರೆ, 'ಆ ಸೀಸದ ಮೂಟೆ ಹೊತ್ರೆ ಸೊಂಟ ಬಿದ್ಹೋಗುತ್ತೆ. ನನ್ನ ಹೆಂಡ್ತಿ ಬೆಳಿಗ್ಗೇನೇ ಒಳಗಿಂದ ಕೋಟು ಹಾಕಿ ಕಳ್ಸಿದ್ದಾಳೆ' ಅಂತ ಹೊಟ್ಟೆ ತಟ್ಕೊಳ್ತಿದ್ದ!"

ಮುಂದಿದ್ದ ಡ್ರೈವರನೂ ನಕ್ಕ.

"ಯಾವಾಗಿಂದ?" ಎಂದಳು ಅವಳು.

"ಏನತ್ತಿಗೆ?"

"ಕೋಟು ಬಿಟ್ಟಿದ್ದು."

ಜೊತೆಗಾರನ ಮುಖದಿಂದ ನಗು ಇಳಿಯಿತು. "ನೀವು ಸೊಪ್ಪು ಶುರು ಮಾಡಿದ್ರಲ್ಲ... ಆಗಿಂದ್ಲೇ."

ಗಾಡಿ ಓಡುತ್ತಿದೆಯೋ ನಿಂತಿದೆಯೋ ಅವಳಿಗೆ ತಿಳಿಯಲಿಲ್ಲ. ಬೆಳಿಗ್ಗೆಯಿಂದ ಸುರಿಯುತ್ತಿದ್ದ ಕಣ್ಣು ಹಾಗೇ ಒಣಗಿತು.

ಟೆಕ್ನಿಷಿಯನ್ ಮೆಲ್ಲಗೆ ಹೇಳಿದಳು: "ಅಕ್ಕಾ, ಅವ್ರು ನನಗೂ ಹಾಗೇ ಹೇಳ್ಕೊಟ್ರು. ನಾನೂ ದಿನಾ ಸೊಪ್ಪು ತಿಂತೀನಿ. ಕೋಟು... ಹಾಕಲ್ಲ."

ಆಸ್ಪತ್ರೆಯ ಮುಂದೆ ನರ್ಸುಗಳು ಹೂ ಹಿಡಿದು ನಿಂತಿದ್ದರು. ಅವಳು ಯಾರನ್ನೂ ನೋಡಲಿಲ್ಲ. ಟೆಕ್ನಿಷಿಯನ್ ಹೆಂಗಸಿನ ಮಣಿಕಟ್ಟು ಹಿಡಿದು ಇಳಿದಳು. "ತೋರ್ಸು."

ಎಕ್ಸ್‌ರೇ ಕೋಣೆಯ ಕೊಕ್ಕೆಯಲ್ಲಿ ಕೋಟು ತೂಗುತ್ತಿತ್ತು. ಒಂದೇ ಕೈಯಲ್ಲಿ ತೆಗೆಯಹೋದವಳು ಮುಗ್ಗರಿಸಿದಳು. ಎರಡೂ ಕೈ ಕೊಟ್ಟು, ಎದೆಗೆ ಆನಿಸಿ ಎತ್ತಿದಳು.

"ಅಕ್ಕಾ, ಇವತ್ತು ನನಗೆ ಡ್ಯೂಟಿ ಇಲ್ಲ..."

"ತಿರುಗು."

ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಅವಳು ಆ ಹೆಂಗಸಿನ ಬೆನ್ನ ಹಿಂದೆ ಕೋಟಿನ ದಾರಗಳನ್ನು ಬಿಗಿಯಾಗಿ ಎಳೆದು ಗಂಟು ಹಾಕಿದಳು. ಗಂಟು ಜಾರಿತು. ಮತ್ತೆ ಹಾಕಿದಳು.