ನೀಲಿ ತೆಗೆದು ಬಿಳಿ

ಕುಂದಾಪುರದ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ನೀಲಿ ಬೆಳಕನ್ನು ಅಳೆಯುವ ಮೀಟರ್ ಇರಲಿಲ್ಲ. ಕಾಮಾಲೆಯಾದ ಹಸುಗೂಸುಗಳನ್ನು ಮಲಗಿಸುವ ತೊಟ್ಟಿಲಿನ ಮೇಲೆ ನಾಲ್ಕು ನೀಲಿ ಟ್ಯೂಬುಗಳ ಚೌಕಟ್ಟು ಇತ್ತು. ಉರಿದರೆ ಸರಿ ಇದೆ, ಉರಿಯದಿದ್ದರೆ ಕೆಟ್ಟಿದೆ. ಅಷ್ಟೇ ಅಲ್ಲಿನ ಪರೀಕ್ಷೆ.

2002ರ ಮೇ ತಿಂಗಳು. ಶನಿವಾರ ಸಂಜೆ ರತೀಶನ ಮೂರು ದಿನದ ಮಗಳನ್ನು, ಕಣ್ಣಿಗೆ ಬಟ್ಟೆಯ ಪಟ್ಟಿ ಕಟ್ಟಿ, ಅದರಡಿ ಮಲಗಿಸಿದರು. ಭಾನುವಾರ ಬೆಳಿಗ್ಗೆ ಒಂದು ಟ್ಯೂಬು ಮಿಣುಕಿ ಆರಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಹೊಸದು ಮಂಗಳೂರಿನಿಂದ ಬರಬೇಕಿತ್ತು. ಡಾಕ್ಟರು ಸಿದ್ದಾಪುರದ ಆಚೆ ನೆಂಟರ ಮದುವೆಗೆ ಹೋಗಿದ್ದರು, ಫೋನಿಗೆ ಸಿಗುತ್ತಿರಲಿಲ್ಲ.

ರತೀಶನಿಗೆ ಕೋಟೇಶ್ವರದಲ್ಲಿ ಫೋಟೋ ಸ್ಟುಡಿಯೋ. ಉಳಿದವರು ಕಣ್ಣಂದಾಜಿನಲ್ಲಿ ಫೋಟೋ ತೆಗೆಯುತ್ತಿದ್ದಾಗ ಇವನು ಲೈಟ್ ಮೀಟರನ್ನು ಕೊರಳಿಗೆ ಹಾಕಿಕೊಂಡು ಮದುವೆಗಳಿಗೆ ಹೋಗುತ್ತಿದ್ದ. ಆ ಬಗ್ಗೆ ಜಂಬವೂ ಇತ್ತು. ಅದನ್ನು ತಂದು ಮಗುವಿನ ಎದೆಯ ಪಕ್ಕ ಹಿಡಿದ. ಮುಳ್ಳು ತುಸುವೇ ಸರಿಯಿತು.

"ಸುಗುಣಕ್ಕ, ಇದೆಂತ ಬೆಳಕ್ ಮಾರಾಯ್ರೆ? ಪಾಸ್‌ಪೋರ್ಟ್ ಫೋಟೋಕ್ಕೂ ಸಾಲ್ದ್."

"ಇಲ್ಲಿ ಫೋಟೋ ತೆಗುಕೆ ಮಲ್ಗಿಸಿದ್ದಲ್ಲ," ಎಂದಳು ನರ್ಸ್ ಸುಗುಣ. "ಎರ್ಡ್ ಉರಿತಾ ಇತ್ತಲೆ. ನಾಳೆ ಡಾಕ್ಟ್ರ್ ಬತ್ರ್, ಅಲ್ಲಿವರಿಗೆ ಸುಮ್ನಿರಿ."

ಅವನು ಸುಮ್ಮನಿರಲಿಲ್ಲ. ಎಲೆಕ್ಟ್ರಿಕಲ್ ಅಂಗಡಿಯ ಚಂದಯ್ಯನ ಮನೆಗೆ ಹೋಗಿ, ರಜೆಯ ದಿನ ಅಂಗಡಿ ಬಾಗಿಲು ತೆಗೆಸಿ, ಮನೆಗೆ ಹಾಕುವಂಥ ನಾಲ್ಕು ಬಿಳಿ ಟ್ಯೂಬು ತಂದ. ಆರಿದ ಎರಡರ ಜಾಗಕ್ಕೆ ಬಿಳಿ ಹಾಕಿ ಮೀಟರ್ ಹಿಡಿದ. ಮುಳ್ಳು ನೆಗೆಯಿತು. ಉರಿಯುತ್ತಿದ್ದ ಎರಡು ನೀಲಿಯನ್ನೂ ಕಳಚಿ ಬಿಳಿ ಹಾಕಿದ. ಮುಳ್ಳು ಇನ್ನೂ ಮೇಲೆ ಹೋಯಿತು.

"ಕಾಣಿ. ನಿಮ್ಮ್ ನೀಲಿ ಎಲ್ಲಿತ್ತ್, ಇದ್ ಎಲ್ಲಿತ್ತ್, ನೀವೇ ಕಾಣಿ."

"ಅದ್ ಬೇರೆ ಟ್ಯೂಬ್ ಅಂತ ಹೇಳ್ತ್ರ್ ಡಾಕ್ಟ್ರ್," ಎಂದಳು ಸುಗುಣ. ಹೇಗೆ ಬೇರೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮುಳ್ಳು ಕಣ್ಣೆದುರಿಗಿತ್ತು. ಅವಳು ಮುಂದಿನ ವಾರ್ಡಿಗೆ ಹೋದಳು.

ರತೀಶನ ತಾಯಿ ವನಜಳಿಗೆ ಸಮಾಧಾನವಾಯಿತು. "ಆ ನೀಲಿ ಬೆಳಕಲ್ ಹೆಣದಂಗೆ ಕಾಂತಿದ್ದಿತ್ತ್. ಈಗ ಮಗಿನ್ ಮೋರೆ ಸಮಾ ಕಾಂತ್."

"ಎಂತ ಮಾತಾಡ್ತ್ರಿ ಅತ್ತೆ," ಎಂದಳು ಬಾಣಂತಿ ಸುಪ್ರೀತಾ. ಮಗುವಿನ ಹೊಟ್ಟೆ ಮುಟ್ಟಿ ನೋಡಿದಳು. "ಮೈ ಇನ್ನೂ ಅರಶಿನ ಇತ್ತಲೆ."

"ಟ್ಯೂಬ್ ಲೈಟಿಗೆ ಎಲ್ರ್ ಮೈಯೂ ಹಾಂಗೇ ಕಾಂಬ್ದ್. ಅದ್ ನಂಗ್ ಗೊತ್ತಿಲ್ದಾ?" ಎಂದ ರತೀಶ.

ಮಗು ಅಳದೆ ಮಲಗಿತು. ಅಳುತ್ತಿಲ್ಲವೆಂದು ಎಲ್ಲರೂ ನಿದ್ದೆ ಮಾಡಿದರು. ಸೋಮವಾರ ಬೆಳಿಗ್ಗೆ ಅದು ಮೊಲೆ ಚೀಪಲಿಲ್ಲ. ಅಂಗಾಲು ತಟ್ಟಿದರೂ ಕಣ್ಣು ತೆರೆಯಲಿಲ್ಲ. ಎತ್ತಿಕೊಂಡರೆ ಕತ್ತು ಹಿಂದಕ್ಕೆ ಸೆಟೆದುಕೊಂಡಿತು.

ಡಾಕ್ಟರು ಬಾಗಿಲಲ್ಲೇ ನಿಂತು ಚೌಕಟ್ಟು ನೋಡಿದರು. "ನೀಲಿ ಯಾರ್ ತೆಗ್ದದ್ದ್?"

ರತೀಶ ಮೀಟರನ್ನು ಮುಂದೆ ಹಿಡಿದ. ಡಾಕ್ಟರು ಅದನ್ನು ಮುಟ್ಟಲಿಲ್ಲ.

"ಇದ್ ಕಣ್ಣಿಗೆ ಎಷ್ಟ್ ಕಾಂತ್ ಅಂತ ಹೇಳೂದ್ ಮಾರಾಯ. ಕಣ್ಣಿಗೆ ನೀಲಿ ಕಡ್ಮಿ ಕಾಂತ್, ಇದಕ್ಕೂ ಕಡ್ಮಿ. ಮೈಯ್ಯ ಅರಶಿನ ಕರ್ಗೂದ್ ಆ ನೀಲಿಗೇ. ಎರ್ಡೇ ನೀಲಿ ಉರ್ದಿರೂ ಈ ನಾಲ್ಕಕ್ಕಿಂತ ವಾಸಿ ಇದ್ದಿತ್ತ್."

"ನೀಲಿ ಅಳ್ತೆ ಮಾಡೂಕೆ ನಿಮ್ಮಲ್ ಎಂತಾರು ಇತ್ತಾ?" ಎಂದ ರತೀಶ.

"ಇಲ್ಲ," ಎಂದರು ಡಾಕ್ಟರು. ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದರು.

ದೊಡ್ಡ ಆಸ್ಪತ್ರೆಯಲ್ಲಿ, ಕಾಮಾಲೆ ಮಿದುಳಿಗೆ ಏರಿದೆ ಎಂದು, ಮಗುವಿನ ರಕ್ತ ತೆಗೆದು ಬೇರೆ ರಕ್ತ ಹಾಕಿದರು. ಮಗು ಉಳಿಯಿತು. ವನಜ ದೇವಸ್ಥಾನಕ್ಕೆ ಹೋಗಿ ಬಂದಳು. ಯಾರೂ ಯಾರ ಮೇಲೂ ದೂರು ಕೊಡಲಿಲ್ಲ. ಕೊಡಲು ಹೋದರೆ ಟ್ಯೂಬು ಬದಲಿಸಿದವನ ಹೆಸರೇ ಮೊದಲು ಬರುತ್ತಿತ್ತು.

ಮಗು ತಡವಾಗಿ ಮಗುಚಿತು, ತಡವಾಗಿ ಕುಳಿತಿತು. ಕರೆದರೆ ತಿರುಗುತ್ತಿರಲಿಲ್ಲ. ಸುಪ್ರೀತಾ ಹಟವೆಂದುಕೊಂಡಳು, ಆಮೇಲೆ ಹಾಗಂದುಕೊಳ್ಳಲಾಗಲಿಲ್ಲ. ವರ್ಷ ತುಂಬುವ ಮೊದಲು ಪರೀಕ್ಷೆ ಮಾಡಿಸಿದರು. ರತೀಶ ಒಳಗೆ ಹೋಗದೆ ಬೆಂಚಿನ ಮೇಲೆ ಕುಳಿತಿದ್ದ. ಸುಪ್ರೀತಾ ಹೊರಗೆ ಬಂದು ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿ ಹೇಳಿದಳು. ದೃಷ್ಟಿ ಸರಿ ಇತ್ತು. ಎರಡೂ ಕಿವಿ ಹೋಗಿದ್ದವು.