ಬರೆಯದೆ ಬಿಟ್ಟ ಸಾಲು

ನಮ್ಮ ಆಂಬ್ಯುಲೆನ್ಸ್ ಕರೆ ಕೇಂದ್ರಕ್ಕೆ ಹೊಸ ಸರ್ವರ್ ಬಂದರೆ ತೀರಿಹೋದ ಸಿಬ್ಬಂದಿಯೊಬ್ಬರ ಹೆಸರಿಡುವುದು ರೂಢಿ. ಮೊದಲನೆಯದು ದಾದಿ ನೇದಾ. ಎರಡನೆಯದಕ್ಕೆ ಚಾಲಕ ಗೆಂಚೋನ ಹೆಸರಿಟ್ಟೆವು. ಅವನ ಹೆಂಡತಿ ವೆಲಿಕಾ ನಮ್ಮಲ್ಲೇ ಕರೆ ತೆಗೆದುಕೊಳ್ಳುವವಳು. ಸತ್ತವರ ನೆನಪಿಗೆ ಹಂಚುವ ಪದ್ಧತಿಯಂತೆ ಅವತ್ತು ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ತಂದಿದ್ದಳು. 'ದೇವರು ಅವನನ್ನು ಕ್ಷಮಿಸಲಿ' ಎಂದು ಎಲ್ಲರೂ ತಿಂದೆವು.

ನೇದಾ ಸರ್ವರ್ ಇದ್ದದ್ದು ಈ ಕಟ್ಟಡದಲ್ಲಿ, ಗೆಂಚೋ ಸರ್ವರ್ ಡ್ಯಾನ್ಯೂಬ್ ನದಿ ದಂಡೆಯ ಗೋದಾಮಿನಲ್ಲಿ. ಬಂದ ಕರೆಗಳನ್ನು ಎರಡೂ ಹಂಚಿಕೊಳ್ಳಬೇಕು, ಒಂದು ಕೆಟ್ಟರೆ ಇನ್ನೊಂದು ಪೂರ್ತಿ ಹೊರಬೇಕು. ಆದರೆ ನಡುವಿನ ತಂತಿ ಕಡಿದರೆ ಎರಡೂ 'ಇನ್ನೊಂದು ಸತ್ತಿದೆ, ಇನ್ನು ನಾನೇ ಯಜಮಾನ' ಎಂದುಕೊಳ್ಳುತ್ತವೆ. ಅದಕ್ಕೇ ಸರ್ವರ್ ನೋಡಿಕೊಳ್ಳುವ ನಾನು ಒಂದು ಸಾಲು ಬರೆದಿಡಬೇಕು: ತಂತಿ ಕಡಿದ ಕೂಡಲೇ ನೇದಾ ಬೇರೆ ದಾರಿಯಿಂದ ಗೆಂಚೋದ ವಿದ್ಯುತ್ ನಿಲ್ಲಿಸಲಿ ಎಂದು. ಆ ಆಜ್ಞೆಯ ಪದವೇ 'ಕೊಲ್ಲು'. ಅದರ ಮುಂದೆ ಗೆಂಚೋ ಎಂದು ಬರೆಯಲು ನನಗೆ ಕೈ ಬರಲಿಲ್ಲ. ವೆಲಿಕಾ ಎದುರಿಗೇ ಕೂತಿದ್ದಳು. ಆಮೇಲೆ ನೋಡೋಣ ಎಂದು ಬಿಟ್ಟೆ. ನನ್ನ ಇಪ್ಪತ್ತು ವರ್ಷದ ಅನುಭವಕ್ಕಿಷ್ಟು ಬೆಂಕಿ ಹಾಕ.

ಮಂಗಳವಾರ ಮಧ್ಯಾಹ್ನ ನೀರಿನ ಕೊಳವೆಗೆ ನೆಲ ಅಗೆಯುವವರು ಆ ತಂತಿ ಕಡಿದರು. ನೇದಾ ನಾಲ್ಕನೇ ವಾಹನವನ್ನು ರೈಲು ನಿಲ್ದಾಣಕ್ಕೆ ಕಳಿಸಿತು. ಅದೇ ವಾಹನವನ್ನು ಬೆಟ್ಟದ ಬೀದಿಗೆ ಕಳಿಸಿದ್ದೇನೆಂದು ಗೆಂಚೋ ಪರದೆಯಲ್ಲಿ ತೋರಿಸಿತು. ಬೆಟ್ಟದ ಬೀದಿಯ ಕರೆ ತೆಗೆದುಕೊಂಡವಳು ವೆಲಿಕಾ. 'ಹೊರಟಿದೆ ತಾಯಿ, ಬಂದೇಬಿಡ್ತು' ಎಂದು ಮೂರು ಸಲ ಹೇಳಿದಳು. ಅಲ್ಲಿಗೆ ವಾಹನ ಹೋದದ್ದು ಇಪ್ಪತ್ತೆರಡು ನಿಮಿಷ ತಡವಾಗಿ. ಎದೆನೋವಿನ ಆ ಹೆಂಗಸು ಬಾಗಿಲ ಬಳಿಯೇ ಪ್ರಾಣ ಬಿಟ್ಟಿದ್ದಳು.

ಮರುದಿನ ಬೆಳಗ್ಗೆ ವೆಲಿಕಾಗೆ ಎಲ್ಲ ಹೇಳಿಬಿಟ್ಟೆ. 'ತಪ್ಪು ನಂದು ಅಕ್ಕಾ. ನಿನ್ನ ಮುಖ ನೋಡಿ ಬರೀಲಿಲ್ಲ.'

'ನನ್ನ ಯಾಕೆ ಮಧ್ಯೆ ಎಳೀತೀಯೋ ಆಸೆನ್? ನಾನು ಬೇಡ ಅಂದಿದ್ನಾ?'

'ಇಲ್ಲ.'

'ಗಂಡನ್ನ ಮಣ್ಣು ಮಾಡಿ ಬಂದೋಳು ನಾನು. ಅವನು ಸತ್ತಿದ್ದಾನೆ ಅಂತ ನಂಗೆ ಗೊತ್ತಿಲ್ವಾ? ಇದು ತಗಡಿನ ಡಬ್ಬ ಕಣೋ. ಆ ಹೆಂಗಸಿಗೆ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ದೆ ನೀನು.'

ನಾಚಿಕೆಯಿಂದ ಸತ್ತಂತಾಗಿ, ಬಿಟ್ಟ ಸಾಲು ಬರೆಯಲು ಕೀಬೋರ್ಡ್ ಮುಂದೆ ಕೂತೆ.

'ಸರಿ ಆ ಕಡೆ' ಎಂದು ಅವಳು ಕೀಬೋರ್ಡ್ ಎಳೆದುಕೊಂಡಳು. ನಾನು ಹೇಳುತ್ತಾ ಹೋದೆ, ಅವಳು ಒಂದೊಂದೇ ಅಕ್ಷರ ಒತ್ತುತ್ತಾ ಹೋದಳು. ಗಂಡನ ಹೆಸರು ಬಂದಾಗ ಬೆರಳು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಅದನ್ನೂ ಒತ್ತಿದಳು.

ಬೇಕೆಂದೇ ತಂತಿ ಕಿತ್ತು ಪರೀಕ್ಷಿಸಿದೆವು. ಗೆಂಚೋ ನಿಂತುಹೋಯಿತು. ಕರೆಗಳೆಲ್ಲ ನೇದಾಗೆ ಬಂದವು, ಒಂದೂ ತಪ್ಪಲಿಲ್ಲ. ಅಷ್ಟರಲ್ಲಿ ವೆಲಿಕಾಳ ಫೋನ್ ಹೊಡೆದುಕೊಂಡಿತು. ವಿಳಾಸ ಕೇಳಿ ಬರೆದುಕೊಂಡಳು, ವಾಹನ ಕಳಿಸಿದಳು. ಚಾಲಕನಿಗೂ ರೇಡಿಯೋದಲ್ಲಿ ಕೇಳಿ ಖಾತ್ರಿ ಮಾಡಿಕೊಂಡಳು. ವಾಹನ ಆ ಮನೆಯ ಬಾಗಿಲು ಮುಟ್ಟುವವರೆಗೂ ಅವಳು ಫೋನ್ ಇಡಲಿಲ್ಲ.