ತಂಬೂರಿ ಕೇಳಿಸಿದ್ದು ನನ್ನಿಂದಲೇ

ನಾನು ಒಂದು ವೈರು. ಸ್ಪೀಕರಿಗೆ ಹಾಕುವ ಮಾಮೂಲಿ ಜೋಡಿ ವೈರು. ಒಂದು ಎಳೆ ಕೆಂಪು, ಇನ್ನೊಂದು ಕಪ್ಪು. ಇವನಿಗೆ ಹೊಟ್ಟೆಕಿಚ್ಚು ಅಂತ ನೀವು ಅನ್ನುವ ಮೊದಲು ನಾನೇ ಹೇಳಿಬಿಡುತ್ತೇನೆ: ಹೌದು, ಹೊಟ್ಟೆಕಿಚ್ಚೇ. ಯಾಕೆ ಇರಬಾರದು? ಪೂರ್ತಿ ಕೇಳಿ, ಆಮೇಲೆ ಮಾತಾಡಿ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಹೊರಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಕೂದಲಿನಂಥ ತಾಮ್ರದ ಎಳೆಗಳನ್ನು ಹೊಸೆದು, ಮೇಲೊಂದು ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿ, ಸುರುಳಿ ಸುತ್ತಿ ಧಾರವಾಡದ ಅಂಗಡಿಯೊಂದಕ್ಕೆ ಕಳಿಸಿದರು. ಅಲ್ಲಿ ಮೊಳೆಗೆ ನೇತಾಡುತ್ತಿದ್ದೆ. ನನ್ನ ಸುರುಳಿಯ ಅರ್ಧ ಮದುವೆಮನೆಯ ಮೈಕಿಗೆ ಹೋಯಿತು. ಉಳಿದ ನನ್ನನ್ನು ಮಾಳಮಡ್ಡಿಯ ಅನಂತರಾವ್ ಮಾಸ್ತರರು ಕೊಂಡು ತಂದರು.

ಮಾಸ್ತರರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರಿಗೆ ಇದ್ದದ್ದು ಎರಡೇ ಹುಚ್ಚು: ಒಂದು ಚಹಾ, ಇನ್ನೊಂದು ಹಾಡು. ಹಳೆಯ ಆಂಪ್ಲಿಫೈಯರು, ಎರಡು ಕಟ್ಟಿಗೆಯ ಸ್ಪೀಕರು, ಗೋಡೆ ತುಂಬ ರೆಕಾರ್ಡು. ನನ್ನನ್ನು ಎರಡು ತುಂಡು ಮಾಡಿ ಎಡಕ್ಕೊಂದು, ಬಲಕ್ಕೊಂದು ಹಾಕಿದರು. ಬೀರುವಿನ ಹಿಂದೆ ಜೇಡರಬಲೆಯಲ್ಲಿ ನಾನು ಬಿದ್ದಿರುತ್ತಿದ್ದೆ, ನಿಜ. ಆದರೆ ಆ ಮನೆಯಲ್ಲಿ ಕೇಳಿದ ಒಂದೊಂದು ತಾನವೂ ನನ್ನ ಮೈಯೊಳಗೆ ಹಾದೇ ಹೊರಗೆ ಬರುತ್ತಿತ್ತು. ಮಾಸ್ತರರು ಕಣ್ಣು ಮುಚ್ಚಿ "ವಾಹ್" ಅಂದಾಗಲೆಲ್ಲ ಅದು ನನಗೇ ಅಂದದ್ದು ಎಂದು ತಿಳಿಯುತ್ತಿದ್ದೆ.

ಹೀಗೆ ಸುಖವಾಗಿದ್ದವನ ಬಾಳಿಗೆ ಕಲ್ಲು ಹಾಕಿದ್ದು ಮಾಸ್ತರರ ಗೆಳೆಯ ಗುರುಲಿಂಗಪ್ಪ. ಅವರಿಗೂ ಹಾಡಿನ ಹುಚ್ಚು, ಅವರ ಮನೆಯಲ್ಲೂ ಸೆಟ್ಟು. ಒಂದು ದಿನ ಬೀರುವಿನ ಹಿಂದೆ ಬಗ್ಗಿ ನೋಡಿ ನಕ್ಕೇಬಿಟ್ಟರು.

"ಮಾಸ್ತರ, ಏನ್ರೀ ಇದು? ಸೈಕಲ್ ದೀಪಕ್ಕ ಹಚ್ಚೋ ವೈರು ಇದ್ದಂಗದಲ್ಲ! ನಾ ಮೊನ್ನೆ ಹೊಸಾದು ತಂದೀನಿ. ಬಂದು ಕೇಳ್ರಿ, ತಂಬೂರಿಯ ನಾಕೂ ತಂತಿ ಬ್ಯಾರೆ ಬ್ಯಾರೆ ಕೇಳಸ್ತಾವ."

ಮಾಸ್ತರರು ಹೋದರು, ಕೇಳಿದರು, ಮುಖ ಸಣ್ಣದು ಮಾಡಿಕೊಂಡು ಬಂದರು. ಅಂದಿನಿಂದ ಚಹಾ ಸೇರಲಿಲ್ಲ, ಹಾಡೂ ಸೇರಲಿಲ್ಲ. ಹಾಡಿನ ನಡುವೆಯೇ ಎದ್ದು ಬಂದು ನನ್ನನ್ನು ದುರುಗುಟ್ಟಿ ನೋಡುವರು. ಕೊನೆಗೆ ಹುಬ್ಬಳ್ಳಿಗೆ ಹೋಗಿ, ಗುರುಲಿಂಗಪ್ಪನವರ ಮನೆಯಲ್ಲಿದ್ದಂಥದ್ದನ್ನೇ ತಂದರು.

ಬಂದನಪ್ಪ ಮಹಾರಾಜ! ಮಖಮಲ್ಲಿನ ಪೆಟ್ಟಿಗೆಯಲ್ಲಿ ಬಂದ. ಹೆಬ್ಬೆರಳು ದಪ್ಪ, ಮೈತುಂಬ ನೀಲಿ ನೇಯ್ಗೆ, ಎರಡೂ ತುದಿಗೆ ಬಂಗಾರದ ನೀರು ಕುಡಿಸಿದ ಟೊಪ್ಪಿಗೆ. ನನ್ನ ತುದಿಗಳನ್ನು ಮಾಸ್ತರರು ಹಲ್ಲಿನಿಂದ ಕಚ್ಚಿ ಸುಲಿದಿದ್ದರು. ಅವನನ್ನು ಮುಟ್ಟುವ ಮೊದಲು ಕೈ ತೊಳೆದುಕೊಂಡರು! ನನ್ನ ಮೈಯೆಲ್ಲ ಉರಿದುಹೋಯಿತು.

ಬೆಲೆ ಕೇಳಿದ ಮಾಸ್ತರರ ಹೆಂಡತಿ ಕುಸುಮಾಬಾಯಿ ಮೂಗಿನ ಮೇಲೆ ಬೆರಳಿಟ್ಟರು. "ಒಂದು ವೈರಿಗೆ ಇಷ್ಟ್ಯಾಕ್ರೀ? ಅದೇನು ತಾನ ಹಾಡ್ತದೇನು?"

"ಅಂಗಡಿಯಂವ ದಸರಾ ಮುಗಿಯೂತನಕ ಇಟ್ಕೊಂಡು ಕೇಳ್ರಿ ಅಂದಾನ. ಫರಕ ಅನಸಲಿಲ್ಲಂದ್ರ ತಿರುಗಿ ಕೊಡ್ತೀನಿ. ಅನಸಿದ್ರ ಈ ಹಳೇದನ್ನ ಮೋಡಕಾದವಗ ಹಾಕಿದ್ರಾತು."

ಮೋಡಕಾ ಅಂದರೆ ಗುಜರಿ. ಅಲ್ಲಿ ನಮ್ಮಂಥವರ ಅಂಗಿ ಸುಟ್ಟು ತಾಮ್ರ ತೆಗೆಯುತ್ತಾರೆ. ನನ್ನ ಜೀವ ಮಾಸ್ತರರ ಕಿವಿಯಲ್ಲಿತ್ತು.

ಆ ಕಿವಿಯೋ, ಒಂದು ದಿನ "ಫರಕ ಅದ" ಅನ್ನುವುದು, ಮರುದಿನ "ಅದನೋ ಇಲ್ಲೋ" ಅನ್ನುವುದು. ನಾನು ಬೀರುವಿನ ಮೇಲೆ ಸುರುಳಿಯಾಗಿ ಬಿದ್ದು, ಅವನು ಕರಕರ ಅನ್ನಲಿ, ನಿಂತುಹೋಗಲಿ ಎಂದು ಹಾರೈಸುತ್ತಿದ್ದೆ. ಕಡೆಗೆ ಮಾಸ್ತರರು ಬೇಸತ್ತು, "ಖಂಡೇನವಮಿ ದಿನ ಗುರುಲಿಂಗಪ್ಪ ಬರ್ತಾರ. ಅವರು ಹೇಳಿದ್ದ ಖರೆ" ಎಂದು ಕೈ ತೊಳೆದುಕೊಂಡರು.

ಖಂಡೇನವಮಿ ಬಂತು. ಅಂದು ಆಯುಧಪೂಜೆ. ಮಾಸ್ತರರು ಚೆಂಡುಹೂ ತರಲು ಪೇಟೆಗೆ ಹೋಗಿದ್ದರು. ಕುಸುಮಾಬಾಯಿ ಈಳಿಗೆ, ಕತ್ತರಿ, ಮಾಸ್ತರರ ಕೈವಾರ, ಎಲ್ಲ ತೊಳೆದು ಒರೆಸಿ ದೇವರ ಮುಂದೆ ಇಟ್ಟರು. ಆಮೇಲೆ ಗಂಡ ಅಷ್ಟು ಜೋಪಾನ ಮಾಡುವ ವಸ್ತು ಪೂಜೆಗೆ ಬೇಡವೇ ಅನ್ನಿಸಿ, ಆ ಮಹಾರಾಜನನ್ನೂ ಬಿಚ್ಚಿ ತಂದು ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿದರು. ಪೂಜೆಗೆ ಕೂತ ಆಯುಧವನ್ನು ಮರುದಿನ ದಶಮಿಯವರೆಗೆ ಎಬ್ಬಿಸುವಂತಿಲ್ಲ. ಮನೆಗೆ ಜನ ಬರುವಾಗ ಸೆಟ್ಟು ಮೂಕವಾಗಿರಬಾರದೆಂದು ನನ್ನ ಧೂಳು ಕೊಡವಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿದರು. ನನಗೆ ಕುಂಕುಮ ಹಚ್ಚಲಿಲ್ಲ. ಹೋಗಲಿ ಬಿಡಿ.

ಮಾಸ್ತರರು ಬಂದರು, ಅವರ ಬೆನ್ನಿಗೇ ಗುರುಲಿಂಗಪ್ಪ. ಬೀರುವಿನ ಹಿಂದೆ ಯಾರೂ ಬಗ್ಗಿ ನೋಡಲಿಲ್ಲ. ರೆಕಾರ್ಡು ತಿರುಗಿತು. ನಾನು ಹಾಡಿದೆ. ಅಯ್ಯೋ, ಅದೇನು ಹಾಡಿದೆ!

"ಆಹಾ!" ಗುರುಲಿಂಗಪ್ಪ ತೊಡೆ ತಟ್ಟಿದರು. "ಈಗ ನೋಡ್ರಿ ಸುದ್ದಿ! ತಂಬೂರಿ ಹೆಂಗ ಬಿಡಿಬಿಡಿಯಾಗಿ ಕೇಳಸ್ತದ!"

"ಖರೇನ ರೀ," ಮಾಸ್ತರರ ಕಣ್ಣಲ್ಲಿ ನೀರೇ ಬಂತು. "ಆ ಹಳೇ ದರಿದ್ರ ವೈರು ಇಷ್ಟು ದಿನಾ ನುಂಗಿ ನೀರು ಕುಡದಿತ್ತು."

ಹಾಡುತ್ತಿದ್ದವನು ನಾನು, ಬೈಸಿಕೊಂಡವನೂ ನಾನು! ಹಾಡು ಮುಗಿಯಿತು. "ದೇವರಿಗೆ ಕೈ ಮುಗದು ಪ್ರಸಾದ ತಗೋರಿ" ಎಂದು ಕುಸುಮಾಬಾಯಿ ಕರೆದರು. ಒಳಗೆ ಹೋದ ಗುರುಲಿಂಗಪ್ಪ ಅಲ್ಲೇ ನಿಂತುಬಿಟ್ಟರು.

"ಮಾಸ್ತರ, ಇಲ್ಲಿ ಬರ್ರಿ ಸ್ವಲ್ಪ. ನಿಮ್ಮ ಹೊಸಾ ವೈರು ಇಲ್ಲೇ ಅದಲ್ಲ!"

"ಅಯ್ಯ, ಅದು ಪೂಜಾಕ್ಕ ಕೂತದ," ಅಂದರು ಕುಸುಮಾಬಾಯಿ. "ನಾನು ಹಳೇದ ಹಚ್ಚೀನಿ. ಯಾಕ, ಛಂದ ಕೇಳಸ್ಲಿಲ್ಲೇನು?"

ಮಾಸ್ತರರ ಮುಖ ಬಿಳುಚಿತು. ಗುರುಲಿಂಗಪ್ಪನವರದು ಅದಕ್ಕಿಂತ ಬಿಳುಚಿತು, ಅವರು ತಮ್ಮ ವೈರಿಗೆ ದುಡ್ಡು ಕೊಟ್ಟು ಮುಗಿಸಿದ್ದರಲ್ಲ! ನಾನು ಬೀರುವಿನ ಹಿಂದೆ ಉಸಿರು ಬಿಗಿಹಿಡಿದೆ. ಇನ್ನೇನು, ಗೆದ್ದೆ ಅಂದುಕೊಂಡೆ.

ಗುರುಲಿಂಗಪ್ಪ ಗಂಟಲು ಸರಿಮಾಡಿಕೊಂಡರು. "ಅಲ್ರೀ ಮಾಸ್ತರ, ವಿಚಾರ ಮಾಡ್ರಿ. ಹಳೇದ ಇಷ್ಟು ಛಂದ ಹಾಡ್ತಂದ್ರ, ಹೊಸಾದು ಇನ್ನೆಷ್ಟು ಛಂದ ಹಾಡಬ್ಯಾಡಾ!"

"ಹೌದ ನೋಡ್ರಿ!" ಮಾಸ್ತರರಿಗೆ ಹೋದ ಜೀವ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಜೋರಾಗಿ ತಲೆಯಾಡಿಸಿದರು. ಇಂಥವರು ಗಣಿತದ ಮಾಸ್ತರರಂತೆ!

ದಶಮಿಯ ಬೆಳಗ್ಗೆ ಅವನು ಕುಂಕುಮ ಹಚ್ಚಿಕೊಂಡೇ ನನ್ನ ಜಾಗಕ್ಕೆ ಬಂದ. ನನ್ನನ್ನು ಮೋಡಕಾಕ್ಕೆ ಹಾಕಲು ಕುಸುಮಾಬಾಯಿ ಬಿಡಲಿಲ್ಲ. "ಗಟ್ಟಿ ಅದ, ಇರಲಿ" ಎಂದು ಎರಡೂ ತುಂಡು ಗಂಟು ಹಾಕಿ ಹಿತ್ತಲಲ್ಲಿ ಬಟ್ಟೆ ಒಣಹಾಕಲು ಕಟ್ಟಿದರು. ಈಗ ನನಗೆ ವಯಸ್ಸಾಗಿದೆ. ಬಿಸಿಲಿಗೆ ಅಂಗಿ ಬಿರಿದಿದೆ, ಒಳಗಿನ ತಾಮ್ರ ಹಸಿರುಗಟ್ಟಿದೆ. ಮೈಮೇಲೆ ಮಾಸ್ತರರ ಧೋತರ ತೊಟ್ಟಿಕ್ಕುತ್ತಿರುತ್ತದೆ.

ಸಂಜೆ ಕಿಟಕಿಯಿಂದ ಹಾಡು ಕೇಳಿಬರುತ್ತದೆ. ಎಲ್ಲಾದರೂ ಅವನೊಂದು ತಪ್ಪು ಮಾಡುತ್ತಾನೇನೋ ಎಂದು ಮೈಯೆಲ್ಲ ಕಿವಿಯಾಗಿ ಕೇಳುತ್ತೇನೆ. ಮಾಡುವುದಿಲ್ಲ. ಒಳಗೆ ಮಾಸ್ತರರು "ವಾಹ್" ಅನ್ನುತ್ತಾರೆ. ಅವನು ನನಗಿಂತ ಚೆನ್ನಾಗಿ ಹಾಡಿದ್ದರೆ ನಾನು ಎಂದೋ ಸುಮ್ಮನಾಗುತ್ತಿದ್ದೆ. ಸುಡುಗಾಡು, ನನ್ನಷ್ಟೇ ಹಾಡುತ್ತಾನೆ.